ಲಾಭ ಸಾವಿರ, ತೆರಿಗೆ ಒಂದೂವರೆ ಸಾವಿರ

ಬಾಡಿಗೆಗೆ ಕೊಟ್ಟ ಮನೆಯಿಂದ ಈ ವರ್ಷ ಕೈಯಲ್ಲಿ ಉಳಿದದ್ದು ಸಾವಿರ ಪೌಂಡ್. ಅದರ ಮೇಲೆ ಕಟ್ಟಿದ ತೆರಿಗೆ ಸಾವಿರದೈನೂರ ಚಿಲ್ಲರೆ. ಯಾರಾದರೂ ಹೀಗೆ ಹೇಳಿದರೆ ಎಲ್ಲೋ ಲೆಕ್ಕ ತಪ್ಪಿದೆ ಅನ್ನುತ್ತೀರಿ ಅಲ್ವಾ? ಬ್ರಿಟನ್ನಿನಲ್ಲಿ ಇದು ತಪ್ಪು ಲೆಕ್ಕವಲ್ಲ. ಕಾನೂನು ಹೇಳಿದ ಹಾಗೆಯೇ ಮಾಡಿದ ಲೆಕ್ಕ. ಇಲ್ಲಿನ ಮನೆ ಮಾಲೀಕರು 'ಸೆಕ್ಷನ್ 24' ಎಂದು ಹಲ್ಲು ಕಡಿಯುತ್ತಾ ಹೇಳುವುದು ಇದನ್ನೇ.

ನಾನೂ ಅಂಥ ಒಬ್ಬ ಮಾಲೀಕ. ಇರುವುದು ಒಂದೇ ಮನೆ, ಅದರಲ್ಲೂ ಬ್ಯಾಂಕಿನ ಪಾಲೇ ಜಾಸ್ತಿ. ಹಾಗಾಗಿ ಈ ಬರಹದಲ್ಲಿ ಸ್ವಲ್ಪ ಸ್ವಾರ್ಥ ಇದೆ ಅಂದುಕೊಂಡೇ ಓದಿ. ಆದರೆ ಮಾಲೀಕರು ಹೇಳುವುದೆಲ್ಲ ನನಗೆ ಒಪ್ಪಿಗೆಯಿಲ್ಲ. ಅವರ ದೂರಿನಲ್ಲಿ ಒಂದು ಪಾಲು ಗಟ್ಟಿ, ಇನ್ನೊಂದು ಪಾಲು ಸುಮ್ನೆ ಗದ್ದಲ.

ಕಥೆ ಶುರುವಾಗಿದ್ದು 2015ರ ಜುಲೈ 8ರಂದು. ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಬೇಸಿಗೆಯ ಬಜೆಟ್‌ನಲ್ಲಿ ಒಂದು ಮಾತು ಹೇಳಿದರು. ಬಾಡಿಗೆ ಮನೆಗಾಗಿ ಸಾಲ ಮಾಡಿದವರು ಆ ಸಾಲದ ಬಡ್ಡಿಯನ್ನು ಬಾಡಿಗೆಯಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟುತ್ತಿದ್ದಾರೆ. ಇನ್ನು ಮುಂದೆ ಹಾಗಿಲ್ಲ. ಬಡ್ಡಿ ಕಳೆಯದೆ ಬಾಡಿಗೆ ಆದಾಯಕ್ಕೆ ತೆರಿಗೆ ಲೆಕ್ಕ ಹಾಕಿ, ಬಡ್ಡಿಯ ಶೇ. 20ರಷ್ಟನ್ನು ಮಾತ್ರ ಆ ತೆರಿಗೆಯಲ್ಲಿ ಕಳೆದುಕೊಳ್ಳಿ. ಅದೇ ವರ್ಷದ ಎರಡನೇ ಫೈನಾನ್ಸ್ ಕಾಯ್ದೆಯ 24ನೇ ಸೆಕ್ಷನ್ ಆಗಿ ಇದು ಜಾರಿಗೆ ಬಂತು. ಒಂದೇ ಏಟಿಗೆ ಅಲ್ಲ. 2017ರ ಏಪ್ರಿಲ್‌ನಿಂದ ವರ್ಷಕ್ಕೆ ಕಾಲು ಭಾಗದಂತೆ ಬಿಗಿ ಮಾಡುತ್ತಾ ಬಂದರು. 2020ರ ಏಪ್ರಿಲ್ ಹೊತ್ತಿಗೆ ಪೂರ್ತಿ ಬಿಗಿಯಾಯಿತು.

ಶೇ. 20ರ ದರದಲ್ಲೇ ತೆರಿಗೆ ಕಟ್ಟುವವರಿಗೆ ಇದರಲ್ಲಿ ವ್ಯತ್ಯಾಸವೇನಿಲ್ಲ ಎಂದು ಸರ್ಕಾರ ಹೇಳಿತು. ಕೇಳಲು ಸರಿಯಾಗೇ ಇದೆ. ಆದರೆ ಒಂದು ಮನೆಯ ಲೆಕ್ಕ ಬಿಡಿಸಿ ನೋಡೋಣ.

ಸಂಬಳ ವರ್ಷಕ್ಕೆ 45,000 ಪೌಂಡ್. ಶೇ. 40ರ ದರ ಶುರುವಾಗುವುದು 50,270ಕ್ಕೆ, ಹಾಗಾಗಿ ಈತ ಕೆಳಗಿನ ದರದವನೇ. ಒಂದು ಹಳೆಯ ಮನೆ ಬಾಡಿಗೆಗಿದೆ, ತಿಂಗಳಿಗೆ 1,200, ವರ್ಷಕ್ಕೆ 14,400. ಏಜೆಂಟ್ ಕಮಿಷನ್, ವಿಮೆ, ಬಾಯ್ಲರ್ ರಿಪೇರಿ ಅಂತ 2,400 ಹೋಯಿತು. ಎರಡು ಲಕ್ಷ ಪೌಂಡ್ ಸಾಲ, ಬರೀ ಬಡ್ಡಿ ಕಟ್ಟುವ ಮಾರ್ಟ್‌ಗೇಜ್, ದರ ಶೇ. 4.5. ಅಲ್ಲಿಗೆ ಬಡ್ಡಿ 9,000. ಉಳಿದದ್ದು 3,000 ಪೌಂಡ್. ಹಳೆಯ ಪದ್ಧತಿಯಲ್ಲಿ ಇದರ ಮೇಲೆ ಶೇ. 20ರಂತೆ 600 ಕಟ್ಟಿ ಸುಮ್ಮನಾಗಬಹುದಿತ್ತು.

ಈಗ ಬಡ್ಡಿ ಕಳೆಯುವ ಹಾಗಿಲ್ಲ. ಬಾಡಿಗೆ ಆದಾಯ 12,000 ಎಂದು ಬರೆಯಬೇಕು. ಸಂಬಳದ ಜೊತೆ ಸೇರಿ 57,000 ಆಯಿತು. ಆ 12,000ದಲ್ಲಿ 5,270ಕ್ಕೆ ಶೇ. 20, ಉಳಿದ 6,730ಕ್ಕೆ ಶೇ. 40. ಒಟ್ಟು 3,746. ಇದರಲ್ಲಿ ಬಡ್ಡಿಯ ಶೇ. 20, ಅಂದರೆ 1,800 ಬಿಟ್ಟುಕೊಡುತ್ತಾರೆ. ಕಟ್ಟಬೇಕಾದದ್ದು 1,946. ಉಳಿದ 3,000ದಲ್ಲಿ ಸುಮಾರು ಶೇ. 65 ತೆರಿಗೆಗೇ ಹೋಯಿತು. ಕೆಳಗಿನ ದರದವನು ಮೇಲಿನ ದರದವನಾಗಿದ್ದೂ ಇದೇ ಲೆಕ್ಕದಿಂದ. ಅವನ ಕೈಗೆ ಹೆಚ್ಚು ದುಡ್ಡೇನೂ ಬರಲಿಲ್ಲ, ಕಾಗದದ ಮೇಲೆ ಹೆಚ್ಚು ಬಂತು ಅಷ್ಟೇ.

ನನ್ನನ್ನು ಕಾಡುವುದು ಈ ಲೆಕ್ಕದ ಇನ್ನೊಂದು ಗುಣ. ಬಡ್ಡಿ ದರವೊಂದನ್ನೇ ಬದಲಿಸಿ ನೋಡಿ. ದರ ಶೇ. 2 ಇದ್ದ ಕಾಲದಲ್ಲಿ ಇದೇ ಸಾಲಕ್ಕೆ ಬಡ್ಡಿ 4,000. ಉಳಿಯುವುದು 8,000, ತೆರಿಗೆ 2,946. ಶೇ. 37ರ ಹತ್ತಿರ. ಬೇಜಾರು, ಆದರೆ ತಡೆದುಕೊಳ್ಳಬಹುದು. ದರ ಶೇ. 5.5 ಆದರೆ ಬಡ್ಡಿ 11,000, ಉಳಿಯುವುದು 1,000, ತೆರಿಗೆ 1,546. ಮೊದಲ ಸಾಲಿನಲ್ಲಿ ಹೇಳಿದ್ದು ಇದೇ ಲೆಕ್ಕ. ಆದಾಯ ಕಡಿಮೆಯಾದಂತೆ ತೆರಿಗೆಯ ಪಾಲು ಏರುತ್ತಾ ಹೋಗುತ್ತದೆ. ಕಾನೂನು ಬರೆಯುವಾಗ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ದರ ಶೇ. 0.5. ಕೋವಿಡ್ ಹೊತ್ತಿಗೆ ಅದು 0.1ಕ್ಕೆ ಇಳಿದಿತ್ತು. ಹಾಗಾಗಿ ಏಟು ಬಿದ್ದದ್ದು ಯಾರಿಗೂ ಅಷ್ಟಾಗಿ ಗೊತ್ತಾಗಲಿಲ್ಲ. 2021ರ ಡಿಸೆಂಬರ್‌ನಿಂದ ಏರುತ್ತಾ 2023ರ ಆಗಸ್ಟ್‌ಗೆ ಅದು 5.25 ಮುಟ್ಟಿತು. ಎರಡು ವರ್ಷ, ಐದು ವರ್ಷ ಅಂತ ಬಡ್ಡಿ ದರ ಫಿಕ್ಸ್ ಮಾಡಿಸಿಕೊಂಡಿದ್ದವರ ಅವಧಿ ಒಂದೊಂದಾಗಿ ಮುಗಿಯತೊಡಗಿತು. 2015ರ ಕಾನೂನಿನ ನೋವು ಬಹಳ ಜನರಿಗೆ ತಟ್ಟಿದ್ದು ಎಂಟು ವರ್ಷ ತಡವಾಗಿ.

ಈಗ ಪಕ್ಕದ ಮನೆಯ ಮಾಲೀಕನನ್ನು ನೋಡಿ. ಅದೇ ಸಂಬಳ, ಅದೇ ಬಾಡಿಗೆ, ಅದೇ ಖರ್ಚು. ಆದರೆ ಸಾಲವಿಲ್ಲ. ಅಪ್ಪ ಬಿಟ್ಟುಹೋದ ಮನೆ. ಅವನಿಗೆ ಉಳಿಯುವುದು 12,000, ಕಟ್ಟುವುದು 3,746. ಶೇ. 31 ಅಷ್ಟೇ. ಶ್ರೀಮಂತ ಮಾಲೀಕರಿಗೆ ಜಾಸ್ತಿ ರಿಯಾಯಿತಿ ಸಿಗುತ್ತಿದೆ, ಅದನ್ನು ನಿಲ್ಲಿಸುತ್ತೇವೆ ಎಂದು ಹೊರಟ ಕಾನೂನು ಸಾಲವಿಲ್ಲದವನನ್ನು ಮುಟ್ಟಲೇ ಇಲ್ಲ. ಸಾಲ ಮಾಡಿದ ಸಂಬಳದವನನ್ನು ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಾಲೀಕರ ದೂರಿನಲ್ಲಿ ಗಟ್ಟಿ ಅಂದೆನಲ್ಲ, ಅದು ಇದು.

ಇನ್ನೂ ಕೆಲವು ಸಣ್ಣ ಗುಂಡಿಗಳಿವೆ. ಮಕ್ಕಳಿಗೆ ಸರ್ಕಾರ ಕೊಡುವ ಚೈಲ್ಡ್ ಬೆನಿಫಿಟ್ ಹಣ, ಅಪ್ಪ ಅಮ್ಮಂದಿರಲ್ಲಿ ಒಬ್ಬರ ಆದಾಯ 60,000 ದಾಟಿದರೆ ಕರಗಲು ಶುರುವಾಗುತ್ತದೆ, 80,000ಕ್ಕೆ ಪೂರ್ತಿ ಹೋಗುತ್ತದೆ. ಈ ಆದಾಯ ಎಣಿಸುವಾಗಲೂ ಬಡ್ಡಿ ಕಳೆಯುವ ಹಾಗಿಲ್ಲ. ಒಂದು ಲಕ್ಷ ದಾಟಿದರೆ ತೆರಿಗೆಯಿಲ್ಲದ ಮೊದಲ 12,570ರಲ್ಲೂ ಕಡಿತ, ಚಿಕ್ಕ ಮಕ್ಕಳ ನರ್ಸರಿಗೆ ಸಿಗುವ ಉಚಿತ ಗಂಟೆಗಳಿಗೂ ಕತ್ತರಿ. ಲಂಡನ್ನಿನ ಐಟಿ ಕೆಲಸದವರು 95,000 ಸಂಬಳದಲ್ಲಿ ಹುಷಾರಾಗಿ ನಿಂತಿರುತ್ತಾರೆ. ಕೈಗೆ ಒಂದು ಪೈಸೆಯೂ ಉಳಿಸದ ಬಾಡಿಗೆ ಮನೆಯೊಂದು ಅವರನ್ನು ಗೆರೆ ದಾಟಿಸಿಬಿಡುತ್ತದೆ.

ಸರ್ಕಾರದ ಕಡೆಯ ಮಾತನ್ನೂ ನ್ಯಾಯವಾಗಿ ಹೇಳಬೇಕು. ತಾನೇ ವಾಸವಿರುವ ಮನೆಗೆ ಸಾಲ ಮಾಡಿದವನಿಗೆ ಇಲ್ಲಿ ಬಡ್ಡಿಯ ಮೇಲೆ ರಿಯಾಯಿತಿಯೇ ಇಲ್ಲ. ಒಂದು ಕಾಲದಲ್ಲಿ ಇತ್ತು, 2000ದ ಏಪ್ರಿಲ್‌ನಲ್ಲಿ ಪೂರ್ತಿ ತೆಗೆದುಹಾಕಿದರು. ಒಂದೇ ಬೀದಿಯ ಒಂದೇ ಮನೆಗೆ ಇಬ್ಬರು ಬಿಡ್ ಮಾಡುತ್ತಿದ್ದಾರೆ ಅನ್ನಿ. ಒಬ್ಬಳು ಮೊದಲ ಮನೆ ಕೊಳ್ಳುವ ನರ್ಸ್, ಇನ್ನೊಬ್ಬ ಐದನೇ ಮನೆ ಕೊಳ್ಳುವವನು. ಅವನ ಬಡ್ಡಿಯ ಶೇ. 40 ಅಥವಾ 45ನ್ನು ಖಜಾನೆಯೇ ಹೊರುತ್ತಿದೆ, ಅವಳಿಗೆ ಏನೂ ಇಲ್ಲ. ಇದು ಸರಿಯಾ? ಆಸ್ಬೋರ್ನ್ ಎತ್ತಿದ ಪ್ರಶ್ನೆ ಇದು. ಮೊದಲು ಕೇಳಿದಾಗ ನನಗೂ ತಲೆ ಅಲ್ಲಾಡಿಸುವ ಹಾಗೇ ಆಯಿತು.

ಆದರೆ ತೆರಿಗೆ, ಸರ್ಕಾರಿ ಖರ್ಚುಗಳನ್ನು ಅಧ್ಯಯನ ಮಾಡುವ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್‌ನ ಆಗಿನ ನಿರ್ದೇಶಕ ಪಾಲ್ ಜಾನ್ಸನ್ ಆ ಬಜೆಟ್ ಬಂದ ಕೂಡಲೇ ಈ ವಾದವೇ ತಪ್ಪು ಎಂದರು. ಬಾಡಿಗೆಗೆ ಕೊಟ್ಟ ಮನೆಗೆ ಮೊದಲೇ ಜಾಸ್ತಿ ತೆರಿಗೆ ಇದೆ ಎಂಬುದು ಅವರ ಮಾತು. ನಿಜವೇ. ವಾಸದ ಮನೆ ಮಾರಿದರೆ ಲಾಭಕ್ಕೆ ತೆರಿಗೆಯಿಲ್ಲ, ಬಾಡಿಗೆ ಮನೆ ಮಾರಿದರೆ ಇದೆ. ಬಾಡಿಗೆ ಬಂದರೆ ತೆರಿಗೆ, ತನ್ನ ಮನೆಯಲ್ಲಿ ತಾನಿದ್ದರೆ ಇಲ್ಲ. ಸಾಲ ಮಾಡಿ ಅಂಗಡಿ ಇಟ್ಟವನು ಇವತ್ತಿಗೂ ಬಡ್ಡಿಯನ್ನು ಖರ್ಚು ಎಂದೇ ಬರೆಯುತ್ತಾನೆ. ಬಾಡಿಗೆ ಮನೆಗಳು ಕಡಿಮೆಯಾಗಲಿ ಎಂಬುದೇ ಸರ್ಕಾರದ ಆಸೆಯಾಗಿದ್ದರೆ ಅದನ್ನು ನೇರವಾಗಿ ಹೇಳಬಹುದಿತ್ತು. ಕೊಳ್ಳುವಾಗಲೇ ತೆರಿಗೆ ಹಾಕುವುದು ಅಂಥ ನೇರ ದಾರಿ. 2016ರ ಏಪ್ರಿಲ್‌ನಿಂದ ಎರಡನೇ ಮನೆಗೆ ಶೇ. 3 ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಹಾಕಿದರು, 2024ರ ಅಕ್ಟೋಬರ್‌ನ ಕೊನೆಗೆ ಅದನ್ನು ಶೇ. 5ಕ್ಕೆ ಏರಿಸಿದರು. ಅದು ದುಬಾರಿ, ಆದರೆ ಮೋಸವಿಲ್ಲ. ಕೊಳ್ಳುವ ಮುಂಚೆಯೇ ಗೊತ್ತಿರುತ್ತದೆ, ಬೇಡ ಅಂದರೆ ಬಿಡಬಹುದು. ಆಗಲೇ ಕೊಂಡು ಕುಳಿತವನಿಗೆ ಇಲ್ಲದ ಲಾಭವನ್ನು ಇದೆ ಎಂದು ಬರೆಸುವುದು ಬೇರೆಯೇ ಕಥೆ.

ಮಾಲೀಕರು ಸುಮ್ಮನೆ ಕೂರಲಿಲ್ಲ. ಸೆಕ್ಷನ್ 24 ಬಾಡಿಗೆದಾರರ ಮೇಲಿನ ತೆರಿಗೆ ಎಂದು ಹೆಸರಿಟ್ಟು ಚಳವಳಿ ಮಾಡಿದರು, ಜನರಿಂದ ದುಡ್ಡು ಕೂಡಿಸಿ ಕೋರ್ಟಿಗೂ ಹೋದರು. ಮಾಜಿ ಪ್ರಧಾನಿಯ ಪತ್ನಿ ಚೆರಿ ಬ್ಲೇರ್ ಅವರ ಸಂಸ್ಥೆಯೇ ಈ ಕೇಸು ಹಿಡಿಯಿತು. 2016ರ ಅಕ್ಟೋಬರ್‌ನಲ್ಲಿ ಹೈಕೋರ್ಟ್ ವಿಚಾರಣೆಗೇ ಅನುಮತಿ ಕೊಡಲಿಲ್ಲ. ಅಲ್ಲಿಗೆ ಆ ದಾರಿ ಮುಚ್ಚಿತು.

ಕನ್ನಡದವರಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ, ಅದೂ ಎರಡು ಕಡೆಯಿಂದ.

ನಮ್ಮಲ್ಲಿ ಬಹಳ ಜನ ಮಾಲೀಕರಾಗಿದ್ದು ಆಸೆಪಟ್ಟಲ್ಲ. ರೆಡಿಂಗ್‌ನಲ್ಲಿ ಕೆಲಸ ಇದ್ದಾಗ ಒಂದು ಫ್ಲ್ಯಾಟ್ ಕೊಂಡರು. ಪ್ರಾಜೆಕ್ಟ್ ಮ್ಯಾಂಚೆಸ್ಟರ್‌ಗೆ ಹೋಯಿತು, ಅಥವಾ ಮಗಳಿಗೆ ಒಳ್ಳೆಯ ಗ್ರಾಮರ್ ಸ್ಕೂಲ್ ಬೇಕಾಯಿತು, ಅಥವಾ ಅಪ್ಪ ಅಮ್ಮನಿಗೆ ವಯಸ್ಸಾಯಿತು ಎಂದು ಮೈಸೂರಿಗೆ ವಾಪಸ್ ಹೋದರು. ಮಾರಲು ಮನಸ್ಸಿಲ್ಲ, ಬಾಡಿಗೆಗೆ ಕೊಟ್ಟರು. ವಾಪಸ್ ಹೋದವರನ್ನೂ ಸೆಕ್ಷನ್ 24 ಬಿಡುವುದಿಲ್ಲ. ಮನೆ ಇಲ್ಲಿದ್ದರೆ ಸಾಕು, ಮಾಲೀಕ ಎಲ್ಲಿದ್ದರೂ ಅದೇ ಲೆಕ್ಕ. ಇಂಗ್ಲೆಂಡಿನ ಮಾಲೀಕರಲ್ಲಿ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರ ಬಳಿ ಇರುವುದು ಒಂದೇ ಬಾಡಿಗೆ ಮನೆ ಎಂದು ಸರ್ಕಾರದ ಸಮೀಕ್ಷೆಗಳೇ ಹೇಳುತ್ತವೆ. 'ಲ್ಯಾಂಡ್‌ಲಾರ್ಡ್' ಅಂದರೆ ನಾವು ಊಹಿಸಿಕೊಳ್ಳುವ ಹೊಟ್ಟೆ ಬಿಟ್ಟ ಸಾಹುಕಾರ ಇವರಲ್ಲ.

ಇನ್ನೊಂದು ಕಡೆ ಜಾಸ್ತಿ ವಿಚಿತ್ರ, ಅದರ ಬಗ್ಗೆ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಇಲ್ಲಿ ವಾಸ ಇರುವವರು ಬೇರೆ ದೇಶದಲ್ಲಿ ಬಾಡಿಗೆಗೆ ಕೊಟ್ಟ ಮನೆಗೂ ಈ ನಿಯಮ ಅನ್ವಯ. ಅಂದರೆ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟಿಗೂ!

ತಿಂಗಳಿಗೆ 35,000 ರೂಪಾಯಿ ಬಾಡಿಗೆ, ವರ್ಷಕ್ಕೆ 4,20,000. ಮೇಂಟೆನೆನ್ಸ್, ತೆರಿಗೆ, ಪೇಂಟಿಂಗ್ ಎಲ್ಲ ಸೇರಿ 60,000. ಗೃಹಸಾಲದ ಬಡ್ಡಿ 4,50,000. ನಿಜವಾಗಿ 90,000 ನಷ್ಟ. ಭಾರತದ ಲೆಕ್ಕದಲ್ಲಿ ಬಾಡಿಗೆಯ ಶೇ. 30ನ್ನು ಯಾವ ರಸೀದಿಯೂ ಕೇಳದೆ ಬಿಟ್ಟು, ಮೇಲೆ ಬಡ್ಡಿಯನ್ನೂ ಕಳೆಯಬಹುದು. ಹಾಗಾಗಿ ಅಲ್ಲಿ ಆದಾಯ ನೆಗೆಟಿವ್, ತೆರಿಗೆ ಸೊನ್ನೆ. (ಎನ್‌ಆರ್‌ಐ ಮಾಲೀಕನ ಬಾಡಿಗೆಯಿಂದ ಬಾಡಿಗೆದಾರ ಶೇ. 30ಕ್ಕಿಂತ ಜಾಸ್ತಿ ಟಿಡಿಎಸ್ ಹಿಡಿಯಬೇಕು ಎಂಬುದು ಬೇರೆ ತಲೆನೋವು. ಅದನ್ನು ರೀಫಂಡ್ ಕೇಳಿ ಪಡೆಯಬಹುದು.) ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿ ಆ ಶೇ. 30ನ್ನು ಒಪ್ಪುವುದಿಲ್ಲ, ನಿಜವಾಗಿ ಆದ ಖರ್ಚು ಮಾತ್ರ. ಬಡ್ಡಿಯನ್ನು ಕಳೆಯಲೂ ಬಿಡುವುದಿಲ್ಲ. ಆದ್ದರಿಂದ ಲಾಭ 3,60,000. ಶೇ. 40ರ ದರದಲ್ಲಿ ತೆರಿಗೆ 1,44,000. ಬಡ್ಡಿಗೆ ಸಿಗುವ ಕಡಿತಕ್ಕೂ ಮಿತಿ ಇದೆ. ಬಡ್ಡಿ ಲಾಭಕ್ಕಿಂತ ಜಾಸ್ತಿ ಇದ್ದರೆ ಲಾಭದ ಶೇ. 20 ಅಷ್ಟೇ, ಅಂದರೆ 72,000. ಉಳಿದ ಬಡ್ಡಿಯನ್ನು ಮುಂದಿನ ವರ್ಷಕ್ಕೆ ಒಯ್ಯಬಹುದು. ಈ ವರ್ಷ 72,000 ರೂಪಾಯಿಯಷ್ಟು ತೆರಿಗೆ ಇಲ್ಲಿ ಕಟ್ಟಬೇಕು. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದ ಇದೆಯಲ್ಲ ಅಂದರೆ, ಇದೆ. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆದುಕೊಳ್ಳಬಹುದು. ಅಲ್ಲಿ ಕಟ್ಟಿದ್ದೇ ಸೊನ್ನೆ.

ಮೊದಲು ಇದರಿಂದ ತಪ್ಪಿಸಿಕೊಳ್ಳಲು ಒಂದು ಬಾಗಿಲಿತ್ತು. ಕೊನೆಗೆ ಇಲ್ಲೇ ನೆಲೆಸುವವರಲ್ಲ ಎಂದು ಕಾನೂನು ಒಪ್ಪಿದವರು, ಹೊರದೇಶದ ಆದಾಯವನ್ನು ಇಲ್ಲಿಗೆ ತರದಿದ್ದರೆ ತೆರಿಗೆ ಕಟ್ಟದಿರುವ ಪದ್ಧತಿ ಆರಿಸಿಕೊಳ್ಳಬಹುದಿತ್ತು. 2025ರ ಏಪ್ರಿಲ್ 6ರಿಂದ ಅದು ಹೋಯಿತು. ಈಗ ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಮಾತ್ರ ವಿನಾಯಿತಿ. ಅದಕ್ಕೂ ಮುಂಚಿನ ಹತ್ತು ವರ್ಷ ಇಲ್ಲಿ ತೆರಿಗೆ ಲೆಕ್ಕದ ನಿವಾಸಿ ಆಗಿರಬಾರದು. 'ಬೆಂಗಳೂರಿನ ಬಾಡಿಗೆ ಅಮ್ಮನ ಅಕೌಂಟಿಗೆ ಹೋಗುತ್ತೆ, ಅದಕ್ಕೂ ಇಲ್ಲಿಗೂ ಏನು?' ಎನ್ನುವವರು ಇನ್ನೂ ಸಿಗುತ್ತಾರೆ. ಯಾರ ಅಕೌಂಟಿಗೆ ಹೋಯಿತು ಎಂಬುದು ಮುಖ್ಯವಲ್ಲ, ಮನೆ ಯಾರದ್ದು ಎಂಬುದು ಮುಖ್ಯ. ದೇಶಗಳ ತೆರಿಗೆ ಇಲಾಖೆಗಳು ಬ್ಯಾಂಕ್ ಮಾಹಿತಿಯನ್ನು ತಾವಾಗಿಯೇ ಹಂಚಿಕೊಳ್ಳುವ ಕಾಲ ಇದು.

ತಮಾಷೆ ಅಂದರೆ, ಭಾರತದ 1961ರ ಆದಾಯ ತೆರಿಗೆ ಕಾಯ್ದೆಯಲ್ಲೂ ಮನೆ ಸಾಲದ ಬಡ್ಡಿ ಬರುತ್ತಿದ್ದದ್ದು 24ನೇ ಸೆಕ್ಷನ್ನಿನಲ್ಲೇ. ಅಲ್ಲೂ ಸರ್ಕಾರಕ್ಕೆ ಇದೇ ಅನುಮಾನ ಇತ್ತು. ಎರಡು ಮೂರು ಮನೆ ಕೊಂಡವರು ಬಡ್ಡಿಯ ನಷ್ಟ ತೋರಿಸಿ ಸಂಬಳದ ತೆರಿಗೆಯನ್ನೇ ಇಳಿಸಿಕೊಳ್ಳುತ್ತಿದ್ದರು. 2017ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿ ಅದಕ್ಕೆ ಕಡಿವಾಣ ಹಾಕಿದರು. ಮನೆಯ ನಷ್ಟದಲ್ಲಿ ವರ್ಷಕ್ಕೆ ಎರಡು ಲಕ್ಷ ರೂಪಾಯಿ ಮಾತ್ರ ಬೇರೆ ಆದಾಯದಲ್ಲಿ ಕಳೆಯಬಹುದು, ಮಿಕ್ಕಿದ್ದು ಮುಂದಿನ ಎಂಟು ವರ್ಷಗಳ ಮನೆ ಆದಾಯಕ್ಕೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ಎರಡು ಲಕ್ಷವೂ ಇಲ್ಲ. ಬಿಗಿಯಾದ ನಿಯಮವೇ. ಆದರೆ ಅದು ನಷ್ಟಕ್ಕೆ ಬೇಲಿ ಹಾಕುತ್ತದೆ, ಇಲ್ಲದ ಲಾಭವನ್ನು ಹುಟ್ಟಿಸುವುದಿಲ್ಲ. ಬ್ರಿಟನ್ನಿನಲ್ಲೂ ಬಡ್ಡಿಯನ್ನು ಬಾಡಿಗೆಯ ಮಟ್ಟದವರೆಗೆ ಪೂರ್ತಿ ಕಳೆಯಲು ಬಿಟ್ಟು, ಅದಕ್ಕಿಂತ ಜಾಸ್ತಿ ಆದದ್ದನ್ನು ಮುಂದೂಡಿದ್ದರೆ ಈ ಬರಹವೇ ಬೇಕಿರಲಿಲ್ಲ. ಭಾರತದ ತೆರಿಗೆ ಪದ್ಧತಿಯನ್ನು ಹೊಗಳುವ ದಿನ ಬರುತ್ತದೆ ಅಂತ ನಾನಂತೂ ಅಂದುಕೊಂಡಿರಲಿಲ್ಲ.

ತಪ್ಪಿಸಿಕೊಳ್ಳುವ ದಾರಿಗಳು ಏನು? ಗಂಡ ಶೇ. 40ರಲ್ಲಿ, ಹೆಂಡತಿ ಪಾರ್ಟ್ ಟೈಮ್ ಕೆಲಸದಲ್ಲಿ ಇದ್ದರೆ ಮನೆಯ ದೊಡ್ಡ ಪಾಲನ್ನು ಅವಳಿಗೆ ಬರೆದುಕೊಡುವುದು ಒಂದು. ಅದಕ್ಕೆ ಟ್ರಸ್ಟ್ ಪತ್ರ ಬೇಕು, ಇಬ್ಬರ ಹೆಸರಿನಲ್ಲಿದ್ದರೆ ಯಾರ ಪಾಲು ಎಷ್ಟು ಎಂದು ತೆರಿಗೆ ಇಲಾಖೆಗೆ ತಿಳಿಸುವ ಫಾರ್ಮ್ 17 ಬೇಕು, ಪಾಲು ನಿಜವಾಗಿಯೂ ಅವಳದ್ದಾಗಬೇಕು. ಈ ಕೊನೆಯ ಮಾತು ಹೇಳಿದ ಕೂಡಲೇ ಕೆಲವು ಗಂಡಂದಿರ ಮುಖ ನೋಡಬೇಕು ನೀವು! ಹೆಂಡತಿಯ ಹೆಸರಿಗೆ ಆಸ್ತಿ ಬರೆಸಲು ಬ್ರಿಟನ್ನಿನ ಖಜಾನೆಯೇ ಬರಬೇಕಾಯಿತು.

ಇನ್ನೊಂದು ಕಂಪನಿ. ಸೆಕ್ಷನ್ 24 ವ್ಯಕ್ತಿಗಳಿಗೆ ಮಾತ್ರ, ಕಂಪನಿಗಳಿಗೆ ಅಲ್ಲ. ಕಂಪನಿ ತನ್ನ ಬಡ್ಡಿಯನ್ನು ಪೂರ್ತಿ ಕಳೆದು, 50,000 ಪೌಂಡ್‌ವರೆಗಿನ ಲಾಭಕ್ಕೆ ಶೇ. 19 ಕಟ್ಟುತ್ತದೆ. ಹಾಗಾಗಿ 2017ರಿಂದ ಈಚೆಗೆ ಬಾಡಿಗೆಗೆಂದು ಮನೆ ಕೊಳ್ಳುವವರು ಗುಂಪು ಗುಂಪಾಗಿ ಕಂಪನಿ ತೆರೆದು ಕೊಂಡರು. ಹೊಸದಾಗಿ ಕೊಳ್ಳುವವರಿಗೆ ಸರಿ. ಹಳೆಯ ಮನೆಯನ್ನು ಕಂಪನಿಗೆ ವರ್ಗಾಯಿಸಿದರೆ ಅದನ್ನು ಮಾರಾಟ ಎಂದೇ ನೋಡುತ್ತಾರೆ. ಲಾಭದ ತೆರಿಗೆ ಒಂದು ಕಡೆ, ಸ್ಟ್ಯಾಂಪ್ ಡ್ಯೂಟಿ ಇನ್ನೊಂದು ಕಡೆ. ದೊಡ್ಡ ಪ್ರಮಾಣದಲ್ಲಿ ಬಾಡಿಗೆ ವ್ಯವಹಾರ ಮಾಡುವವರಿಗೆ ಒಂದು ರಿಯಾಯಿತಿ ಇದೆ, ಒಂದು ಮನೆಯವನಿಗೆ ಅದು ಸಿಗುವುದು ಕಷ್ಟ. ಕಂಪನಿಯಿಂದ ದುಡ್ಡು ಹೊರಗೆ ತೆಗೆದರೆ ಡಿವಿಡೆಂಡ್ ತೆರಿಗೆ ಬೇರೆ. ಅಂದರೆ ಹತ್ತು ಮನೆ ಇರುವವನಿಗೆ ಬಾಗಿಲಿದೆ, ನನ್ನಂಥವನಿಗೆ ಗೋಡೆ.

ಈ ಗೋಡೆಯಲ್ಲಿ ಕಿಂಡಿ ಕೊರೆದು ಕೊಡುತ್ತೇವೆ ಎನ್ನುವವರೂ ಹುಟ್ಟಿಕೊಂಡರು. ಒಂದು ವೆಬಿನಾರ್‌ನಲ್ಲಿ ನಾನೂ ಕುಳಿತಿದ್ದೆ. ಪಾಲುದಾರಿಕೆಯೊಳಗೆ ಒಂದು ಕಂಪನಿ ಸೇರಿಸಿ, ಲಾಭವನ್ನೆಲ್ಲ ಅದರ ಕಡೆ ತಿರುಗಿಸಿ, ಬ್ಯಾಂಕಿಗೂ ಹೇಳದೆ ಮುಗಿಸಿಬಿಡಬಹುದಂತೆ. ಫೀಸು ಮಾತ್ರ ಸಾವಿರಗಳಲ್ಲಿ. ನಾನು ಮುಟ್ಟಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಎಚ್‌ಎಂಆರ್‌ಸಿ ಸ್ಪಾಟ್‌ಲೈಟ್ 63 ಎಂಬ ಎಚ್ಚರಿಕೆ ಹೊರಡಿಸಿ, ಇಂಥ ಏರ್ಪಾಡುಗಳು ನಡೆಯುವುದಿಲ್ಲ ಎಂದು ಹೇಳಿಬಿಟ್ಟಿತು.

ಈಗ ಗದ್ದಲದ ಪಾಲಿಗೆ ಬರುತ್ತೇನೆ. ತೆರಿಗೆ ಏರಿದರೆ ಬಾಡಿಗೆ ಏರಿಸುತ್ತೇವೆ ಎಂದು ಮಾಲೀಕರು ಗುಡುಗುತ್ತಾರೆ. ನನಗೆ ನಂಬಿಕೆಯಿಲ್ಲ. ಜಾಸ್ತಿ ಬಾಡಿಗೆ ಸಿಗುವ ಹಾಗಿದ್ದರೆ ತೆರಿಗೆ ಇರಲಿ ಬಿಡಲಿ ಎಲ್ಲರೂ ಕೇಳುತ್ತಾರೆ. ಸಾಲವಿಲ್ಲದ ಪಕ್ಕದ ಮನೆಯವನು 1,200ಕ್ಕೆ ಕೊಡುವಾಗ ನಾನು 1,400 ಕೇಳಿದರೆ ಯಾರು ಬರುತ್ತಾರೆ? ನಿಜವಾಗಿ ಆಗುವುದು ಬೇರೆ. ಸಾಲವಿರುವವನು ಮಾರುತ್ತಾನೆ. ಮಾರಿದ ಮನೆ ಮಾಯವಾಗುವುದಿಲ್ಲ, ಯಾರೋ ಒಬ್ಬರು ಕೊಂಡು ಅಲ್ಲಿ ವಾಸ ಮಾಡುತ್ತಾರೆ, ಆ ನರ್ಸೇ ಇರಬಹುದು. ಅದು ಒಳ್ಳೆಯದೇ. ಆದರೆ ನಾಲ್ಕು ಜನ ಹುಡುಗರು ಒಂದೊಂದು ರೂಮಿನಲ್ಲಿದ್ದ ಮನೆಗೆ ಈಗ ಒಂದು ಜೋಡಿ ಬಂದಿದೆ. ಹೊರಟ ನಾಲ್ವರು, ಉಳಿದಿರುವ ಬಾಡಿಗೆ ಮನೆಗಳ ಮುಂದೆ ಕ್ಯೂ ನಿಲ್ಲುತ್ತಾರೆ. ಊರಿಂದ ಈಗಷ್ಟೇ ಬಂದ, ಇಲ್ಲಿನ ಕ್ರೆಡಿಟ್ ಹಿಸ್ಟರಿ ಇಲ್ಲದ ನಮ್ಮ ಹುಡುಗ ಹುಡುಗಿಯರಿಗೆ ಆರು ತಿಂಗಳ ಬಾಡಿಗೆ ಮುಂಗಡ ಕೇಳುತ್ತಿದ್ದದ್ದು ಇಂಥ ಕ್ಯೂಗಳಲ್ಲೇ. ಬಾಡಿಗೆ ಏರುವುದಾದರೆ ಹೀಗೆ, ಸುತ್ತು ಬಳಸಿ. ಮಾಲೀಕರ ಗುಡುಗಿನಿಂದ ಅಲ್ಲ.

ಮಾಡಿದ್ದನ್ನು ಹಿಂದಕ್ಕೆ ತೆಗೆದುಕೊಂಡ ದೇಶಗಳೂ ಇವೆ. ಐರ್ಲೆಂಡ್ 2009ರಲ್ಲಿ ಬಡ್ಡಿಯ ಮುಕ್ಕಾಲು ಭಾಗ ಮಾತ್ರ ಕಳೆಯಬಹುದು ಎಂದಿತು, 2019ರಲ್ಲಿ ಪೂರ್ತಿ ವಾಪಸ್ ಕೊಟ್ಟಿತು. ನ್ಯೂಜಿಲೆಂಡ್ 2021ರ ಅಕ್ಟೋಬರ್‌ನಿಂದ ಕಡಿತ ಶುರು ಮಾಡಿ, ಸರ್ಕಾರ ಬದಲಾದ ಮೇಲೆ 2025ರ ಏಪ್ರಿಲ್ ಹೊತ್ತಿಗೆ ಪೂರ್ತಿ ಮರಳಿಸಿತು. ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷ ತಂದ ಕಾನೂನನ್ನು ಲೇಬರ್ ಪಕ್ಷ ತೆಗೆಯುತ್ತದೆ ಎಂದು ಯಾರೂ ಕಾಯುತ್ತಿಲ್ಲ.

ಬದಲಿಗೆ 2025ರ ನವೆಂಬರ್ 26ರ ಬಜೆಟ್‌ನಲ್ಲಿ ಹಣಕಾಸು ಮಂತ್ರಿ ರೇಚಲ್ ರೀವ್ಸ್ ಬಾಡಿಗೆ ಆದಾಯಕ್ಕೆ ಬೇರೆಯೇ ದರ ಘೋಷಿಸಿದರು. 2027ರ ಏಪ್ರಿಲ್‌ನಿಂದ ಶೇ. 22, 42, 47. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅವತ್ತು ರಾತ್ರಿಯೆಲ್ಲ ಇದೇ ಮಾತು. ಆದರೆ ಬಡ್ಡಿಗೆ ಸಿಗುವ ಕಡಿತವನ್ನೂ ಶೇ. 22ಕ್ಕೆ ಏರಿಸುತ್ತೇವೆ ಎಂದಿದ್ದಾರೆ. ಮೇಲಿನ 45,000 ಸಂಬಳದವನ ಲೆಕ್ಕಕ್ಕೆ ಹೊಸ ದರ ಹಾಕಿ ನೋಡಿ. 1,946 ಇದ್ದದ್ದು ಸುಮಾರು 2,006 ಆಗುತ್ತದೆ. ಅರವತ್ತು ಪೌಂಡ್. ಸಾಲವಿಲ್ಲದ ಪಕ್ಕದ ಮನೆಯವನಿಗೆ 240. ಈ ಸಲವಾದರೂ ಭಾರ ಬಿದ್ದದ್ದು ಹೊರಬಲ್ಲವನ ಹೆಗಲಿಗೆ. ಇದಕ್ಕೆ ನಾನು ಅಳುವುದಿಲ್ಲ.

ನನ್ನ ಮನೆಯ ಫಿಕ್ಸ್ ಮುಗಿಯುವುದು ಆ ಹೊತ್ತಿಗೇ. ಹೊಸ ದರ ಶೇ. 4ರ ಆಸುಪಾಸಿಗೆ ಸಿಕ್ಕರೆ ಇಟ್ಟುಕೊಳ್ಳುತ್ತೇನೆ, 5ರ ಹತ್ತಿರ ಹೋದರೆ ಮಾರುತ್ತೇನೆ. ಮಾರಿದರೆ ಲಾಭದಲ್ಲಿ 3,000 ಬಿಟ್ಟು ಉಳಿದದ್ದಕ್ಕೆ ನನ್ನ ದರದಲ್ಲಿ ಶೇ. 24, ಅದನ್ನೂ 60 ದಿನದೊಳಗೆ ತಿಳಿಸಿ ಕಟ್ಟಬೇಕು. ಬಾಡಿಗೆಗಿರುವ ದಂಪತಿಗೆ ವಿಷಯ ಹೇಳಿದ್ದೇನೆ. ಕೊಳ್ಳುವ ಮನಸ್ಸು ಅವರಿಗಿದೆ, ಡೆಪಾಸಿಟ್ ಇನ್ನೂ ಪೂರ್ತಿ ಕೂಡಿಲ್ಲ. ಬೇರೆಯವರಿಗೆ ತೋರಿಸುವ ಮುಂಚೆ ಅವರನ್ನೇ ಕೇಳುತ್ತೇನೆ ಎಂದು ಒಪ್ಪಿಕೊಂಡಿದ್ದೇವೆ.